ರಿವರ್ಸ್ ಇಲ್ಲದ ದಾರಿ

ಮೂರು ವಾರಗಳಿಂದ ನಮ್ಮ ಊಟದ ಮೇಜಿನ ಮೇಲೆ ನಕ್ಷೆಯೊಂದು ಹರಡಿಕೊಂಡಿತ್ತು. ನಾವು ಮೂವರೂ ಸೋಫಾದಲ್ಲಿ ತಟ್ಟೆ ಹಿಡಿದುಕೊಂಡು ಉಣ್ಣುತ್ತಿದ್ದೆವು. ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಸಣ್ಣ ಫ್ಲ್ಯಾಟಿನಲ್ಲಿ ಇನ್ನೊಂದು ಮೇಜಿಡಲು ಜಾಗವಾದರೂ ಎಲ್ಲಿತ್ತು? ಒಮ್ಮೆ ನಕ್ಷೆಯ ಮೇಲೆ ಒಂದು ತೊಟ್ಟು ಸಾರು ಬಿದ್ದದ್ದಕ್ಕೆ ನನ್ನ ಗಂಡ ಮನೆಗೇ ಬೆಂಕಿ ಬಿದ್ದವರ ಹಾಗೆ ಕೂಗಾಡಿದ್ದರು.

ದೋಹಾದಿಂದ ಒಮಾನಿನ ಜಬಲ್ ಅಖ್ದರ್ ಬೆಟ್ಟದ ಬುಡದವರೆಗೆ ಕ್ಯಾರವಾನ್ ಎಳೆದುಕೊಂಡು ಹೋಗುವ ದಾರಿ ಅದು. ಎರಡು ಮಂಚ, ಒಂದು ಒಲೆ, ಕೈ ತೊಳೆಯಲು ಬೋಗುಣಿಯಷ್ಟು ಸಿಂಕು ಇರುವ ಚಕ್ರದ ಮನೆ. ಮೆಸಯೀದಿನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದ ಇವರು ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಸಹೋದ್ಯೋಗಿಯಿಂದ ಅದನ್ನು ಕೊಂಡುಕೊಂಡಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಆ ಸಿಟ್ಟು ಇಳಿಯಲು ತಿಂಗಳು ಹಿಡಿಯಿತು. ಇಳಿದದ್ದೂ ಮಗಳ ಮುಖ ನೋಡಿ.

ಅವಳ ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಜೂನ್‌ನಲ್ಲಿ ಮಂಗಳೂರಿಗೆ, ಹಾಸ್ಟೆಲಿಗೆ. ಮೂವರೂ ಒಟ್ಟಿಗೆ ಎಲ್ಲಿಗಾದರೂ ಹೋಗುವುದಿದ್ದರೆ ಈ ಏಪ್ರಿಲ್‌ನಲ್ಲೇ ಆಗಬೇಕಿತ್ತು. ಆಮೇಲೆ ಅವಳ ರಜೆ ಬೇರೆ, ಇವರ ಶಿಫ್ಟ್ ಬೇರೆ, ನನ್ನ ಕ್ಲಿನಿಕ್ಕಿನ ಡ್ಯೂಟಿ ಬೇರೆ. ಆದರೆ ಕಾರ್ಖಾನೆಯ ರಿಪೇರಿ ಕೆಲಸದ ನಡುವೆ ಇವರಿಗೆ ಸಿಕ್ಕಿದ್ದು ಐದೇ ದಿನ. ಇವರ ದಾರಿಗೆ ಬೇಕಾಗಿದ್ದದ್ದು ಏಳು.

“ಆಗುವುದಿಲ್ಲ. ಮುಂದಿನ ವರ್ಷ ನೋಡುವ,” ಎಂದುಬಿಟ್ಟರು ಒಂದು ದಿನ.

“ಮುಂದಿನ ವರ್ಷ ಯಾರನ್ನು ಕರ್ಕೊಂಡು ಹೋಗ್ತೀರಿ? ನಕ್ಷೆಯನ್ನಾ?” ಎಂದೆ. ಮಗಳು ತಟ್ಟೆ ತೊಳೆಯಲು ಎದ್ದುಹೋದಳು.

ಮರುದಿನ ಇವರು ಡ್ಯೂಟಿಗೆ ಹೋದ ಮೇಲೆ ನಾನೇ ನಕ್ಷೆಯ ಮುಂದೆ ಕೂತೆ. ಎರಡು ದಿನ ಹೇಗೆ ಉಳಿಸಲಿಕ್ಕಾಗುವುದಿಲ್ಲ, ನೋಡಿಯೇಬಿಡೋಣ ಎಂದು. ಗಡಿ ದಾಟಿ, ಸೌದಿಯ ತುಂಡು ಕಳೆದು, ಅಬುಧಾಬಿ, ಅಲ್ ಐನ್‌ವರೆಗೆ ಸರಿಯಿತ್ತು. ಅಲ್ಲಿಂದ ಇಬ್ರಿ ಮೇಲೆ ಬೆಟ್ಟದ ಬುಡದ ನಿಜ್ವಾಕ್ಕೆ ನೆಟ್ಟಗೆ ರಸ್ತೆಯಿದೆ. ಇವರ ಗೆರೆ ಮಾತ್ರ ಸೊಹಾರ್, ಮಸ್ಕತ್ ಎಂದು ಕಡಲಿಗೆಲ್ಲ ಪ್ರದಕ್ಷಿಣೆ ಹಾಕಿಕೊಂಡು ಬಂದಿತ್ತು! ಕೆಲವು ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ “ನೇರ” ಎಂದು ಬರೆದಿದ್ದರು, ಮಿಕ್ಕವಕ್ಕೆ, ಇಬ್ರಿ ದಾರಿಯವಕ್ಕೆಲ್ಲ, ಕಾಟು ಹೊಡೆದಿದ್ದರು. ರಾತ್ರಿ ತಂಗುವ ಜಾಗಗಳಿಗೂ ಹಾಗೆಯೇ. ಎಲ್ಲಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳಬಹುದೋ ಅಲ್ಲಿ ಮಾತ್ರ ಒಪ್ಪಿಗೆ.

ಸಂಜೆ ಚಹಾ ಕೊಡುತ್ತಾ ಕೇಳಿಯೇ ಕೇಳಿದೆ. “ಮಾರಾಯ್ರೆ, ನಿಮಗೆ ಕ್ಯಾರವಾನ್ ಹಿಂದೆ ತೆಗೀಲಿಕ್ಕೆ ಬರುದಿಲ್ವಾ?”

ಅವರು ಚಹಾದ ಲೋಟ ಕೆಳಗಿಟ್ಟರು. “ನಾನು ಎಡಕ್ಕೆ ತಿರುಗಿಸಿದ್ರೆ ಅದು ಬಲಕ್ಕೆ ಹೋಗ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ನಾಲ್ಕು ಸಲ ನೋಡಿದೆ. ಎಲ್ರೂ ನಗಾಡಿದ್ರು.”

“ಅದಕ್ಕೆ ಒಮಾನ್ ಪೂರ್ತಿ ಸುತ್ತುದಾ? ಮಂಡೆ ಸಮ ಉಂಟಾ ನಿಮಗೆ? ಮಗಳು ಹೊರಟು ನಿಂತಿದ್ದಾಳೆ, ನೀವು ಮರ್ಯಾದೆ ನೋಡ್ತಾ ಕೂತಿದ್ದೀರಿ!” ಬಾಯಿಗೆ ಬಂದದ್ದೆಲ್ಲ ಬೈದೆ. ಬೈದ ಮೇಲೆ ಪಾಪ ಅನ್ನಿಸಿತು. ಇಡೀ ಕಾರ್ಖಾನೆಯ ಪಂಪುಗಳನ್ನು ಬಿಚ್ಚಿ ಜೋಡಿಸುವ ಮನುಷ್ಯ.

ಒಳಗಿನಿಂದ ಮಗಳು ಬಂದಳು. “ಪಪ್ಪ, ಸ್ಟಿಯರಿಂಗ್‌ನ ಕೆಳಗಿನ ತುದಿ ಹಿಡ್ಕೊಳ್ಳಿ. ಕೈ ಯಾವ ಸೈಡ್ ಹೋಗ್ತದೋ ಕ್ಯಾರವಾನ್ ಆ ಸೈಡೇ ಹೋಗೋದು. ನೆಟ್‌ನಲ್ಲಿ ಇದೆ. ಫ್ರೈಡೇ ಟ್ರೈ ಮಾಡುವ.”

ಶುಕ್ರವಾರ ಬೆಳಿಗ್ಗೆ ಮೆಸಯೀದಿನ ಹೊರಗೆ, ಗಟ್ಟಿ ಮರಳಿನ ಬಯಲಿನಲ್ಲಿ ಎರಡು ಖಾಲಿ ಡ್ರಮ್ ನಿಲ್ಲಿಸಿದೆವು. ಅವುಗಳ ನಡುವೆ ಕ್ಯಾರವಾನ್ ನುಗ್ಗಿಸಬೇಕು. ಮಗಳು ಹಿಂದೆ ನಿಂತು ಎರಡೂ ಕೈ ಬೀಸುತ್ತಿದ್ದಳು. “ಬನ್ನಿ, ಬನ್ನಿ... ಸ್ಟಾಪ್! ಅಯ್ಯೋ ಪಪ್ಪ!” ಒಂದು ಡ್ರಮ್ ಎಷ್ಟು ಸಲ ಉರುಳಿತೋ ಲೆಕ್ಕವಿಲ್ಲ. ನಾನು ಬುತ್ತಿ ಬಿಚ್ಚಿ ಚಪಾತಿಗೆ ಚಟ್ನಿ ಹಚ್ಚುತ್ತಾ ನಗು ಅದುಮಿಕೊಂಡಿದ್ದೆ. ಬಿಸಿಲು ಏರುವ ಹೊತ್ತಿಗೆ ಚಕ್ರದ ಮನೆ ಡ್ರಮ್ಮುಗಳಿಗೆ ತಾಗದೆ, ಮೆಲ್ಲಗೆ, ನಡುವೆ ಬಂದು ನಿಂತಿತು. ಮಗಳು ಕುಣಿದಾಡಿದಳು. ಐದು ದಿನ ಸಾಕು! ಇಬ್ರಿ ದಾರಿಯಲ್ಲೇ ಹೋಗಬಹುದು!

ಇವರು ಮಾತ್ರ ಗಾಡಿಯಿಂದ ಇಳಿಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ನೋಡಿದರೆ ಸ್ಟಿಯರಿಂಗ್ ಹಿಡಿದುಕೊಂಡೇ ಕೂತಿದ್ದಾರೆ, ಕಣ್ಣು ಒದ್ದೆಯಾಗಿದೆ.

“ಎಂತ ಆಯ್ತು?”

“ಕನ್ನಡಿಯಲ್ಲಿ ಅವಳನ್ನೇ ನೋಡಿಕೊಂಡು ಹಿಂದೆ ತೆಗೆದದ್ದು,” ಎಂದರು ಸಣ್ಣ ದನಿಯಲ್ಲಿ. “ಜೂನ್ ಆದ ಮೇಲೆ ಯಾರನ್ನು ನೋಡುದು?”

ಇಷ್ಟು ದಿನ ಅವಳು ಹೋಗುವ ಸಂಕಟ ನನ್ನೊಬ್ಬಳದೇ ಎಂದುಕೊಂಡಿದ್ದೆ. ಸೆರಗಿನಲ್ಲಿ ಕೈ ಒರೆಸಿಕೊಂಡೆ. ಮಗಳನ್ನು ಕರೆದು, “ನೀನು ಮುಂದೆ ಪಪ್ಪನ ಹತ್ರ ಕೂತ್ಕೋ, ಹಿಂದೆ ನಿಂತು ಕೈ ಬೀಸ್ಲಿಕ್ಕೆ ನಾನಿದ್ದೇನೆ,” ಎಂದೆ.

“ಅಮ್ಮ, ನಿಮಗೆ ಗೊತ್ತಿಲ್ಲ, ಕಷ್ಟ ಉಂಟು!”

“ಗೊತ್ತಿಲ್ಲದಿದ್ರೆ ಕಲೀತೇನೆ. ಯಲ್ಲಾ, ಹೊರಡಿ, ಗಾಡಿ ಮುಂದೆ ತೆಗೀರಿ.”

ಗಾಡಿ ಮುಂದೆ ಹೋಯಿತು. ನಾನು ಹಿಂದಕ್ಕೆ ನಡೆದು, ಡ್ರಮ್ಮುಗಳಾಚೆ, ಅವರ ಕನ್ನಡಿಗೆ ಕಾಣುವ ಕಡೆ ನಿಂತು ಕೈ ಎತ್ತಿದೆ.