ಆಮೆಯ ಮೂತಿಗೆ ಕುಂಕುಮ

ನಮ್ಮ ಮನೆಯಲ್ಲಿ ನನಗಿಂತ ಪುಕ್ಕಲು ಯಾರೂ ಇಲ್ಲವೆಂದು ಇಷ್ಟು ವರ್ಷ ನಂಬಿದ್ದೆ. ಗುಡುಗಿದರೆ ಫ್ರಿಜ್ಜಿನ ಪ್ಲಗ್ಗು ಕಿತ್ತು ದೇವರ ಮುಂದೆ ಕೂರುವವಳು ನಾನು. ಈಗ ಆ ಪಟ್ಟ ಕಸ ಗುಡಿಸುವ ಯಂತ್ರಕ್ಕೆ ಹೋಗಿದೆ. ದುಂಡಗೆ, ಬೆಳ್ಳಗೆ, ದೊಡ್ಡ ರೊಟ್ಟಿ ಹೆಂಚಿನಷ್ಟು ಅಗಲ. ತನ್ನಷ್ಟಕ್ಕೆ ಮನೆಯೆಲ್ಲ ತಿರುಗಿ ಗುಡಿಸುತ್ತದೆ. ಆದರೆ ಜೀವದ ಮೇಲೆ ಅದಕ್ಕಿರುವ ಆಸೆ ನೋಡಬೇಕು! ಜಗಲಿಯ ಮೆಟ್ಟಿಲ ತುದಿಗೆ ಬಂದರೆ ಗಕ್ಕನೆ ನಿಂತು ಹಿಂದೆ ಸರಿಯುತ್ತದೆ. ಬ್ಯಾಟರಿ ಇಳಿಯತೊಡಗಿದರೆ ಅರ್ಧ ಗುಡಿಸಿದ ಕಸವನ್ನು ಅಲ್ಲೇ ಬಿಟ್ಟು, ಗೋಡೆಯ ಬದಿಯ ತನ್ನ ಗೂಡಿಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನಾನೂ ಹಸಿವಾದಾಗಲೆಲ್ಲ ಅರ್ಧ ಬೆಂದ ಅನ್ನ ಬಿಟ್ಟು ಹೋಗಿ ಕೂತಿದ್ದರೆ ಈ ಸಂಸಾರ ಏನಾಗುತ್ತಿತ್ತೋ.

ಕೇಳಿ ತರಿಸಿದ್ದಲ್ಲ. ಕೋಡಿಬಾಗದ ನಮ್ಮ ಅಂಗಳದ ಪಾಚಿಯ ಮೇಲೆ ಜಾರಿ ಬಲಗೈ ಮುರಿದುಕೊಂಡೆ. ಸೊಂಟ ಉಳಿಯಿತು, ದೇವರು ದೊಡ್ಡವನು. ಹುಬ್ಬಳ್ಳಿಯಲ್ಲಿರುವ ಮಗಳು ಮರುವಾರವೇ ಇದನ್ನು ಕಳಿಸಿದಳು. ನಮ್ಮದು ಹಳೆಯ ಮನೆ. ಕೆಂಪು ನೆಲ, ದೇವರ ಕೋಣೆಯ ಬಾಗಿಲಲ್ಲಿ ಕಪ್ಪು ಅಂಚು. ಯಂತ್ರ ಆ ಅಂಚನ್ನು ದಾಟುವುದಿಲ್ಲ. ಸ್ನಾನವಿಲ್ಲದೆ ಒಳಗೆ ಬರಬಾರದೆಂದು ಯಾರೂ ಹೇಳದೆ ತಿಳಿದುಕೊಂಡಿದೆಯಲ್ಲ ಎಂದು ನಾನು ಹಿಗ್ಗಿದ್ದೆ. ಕಪ್ಪು ಬಣ್ಣ ಅದರ ಕಣ್ಣಿಗೆ ಹೊಂಡದಂತೆ ಕಾಣುತ್ತದೆ, ಬಿದ್ದೇನೆಂಬ ಹೆದರಿಕೆ ಅಷ್ಟೇ ಎಂದು ಮಗಳು ಫೋನಿನಲ್ಲಿ ವಿವರಿಸಿ ನನ್ನ ಹಿಗ್ಗನ್ನು ತಗ್ಗಿಸಿದಳು. ಇರಲಿ. ನಮ್ಮಲ್ಲೂ ಎಷ್ಟು ಜನ ಭಕ್ತಿಯಿಂದ ತಗ್ಗುತ್ತಾರೆ, ಎಷ್ಟು ಜನ ಬಿದ್ದೇವೆಂದು ತಗ್ಗುತ್ತಾರೆ, ಯಾರು ಬಲ್ಲರು?

ಕೈ ಮುರಿದ ಸುದ್ದಿ ಕೇಳಿ ಅಂಕೋಲೆಯ ಕೇಣಿಯಿಂದ ನನ್ನ ಆಯಿ ಬಂದಳು. ಅವಳು ಮಗಳ ಮನೆಯಲ್ಲಿ ನಿಲ್ಲುವ ಹೆಂಗಸಲ್ಲ. ಬೆಳಿಗ್ಗೆ ಬಂದರೆ ಸಂಜೆಯ ಬಸ್ಸಿಗೆ ಹೊರಟೇಬಿಡುತ್ತಾಳೆ. ಕೇಣಿಯಲ್ಲಿ ನನ್ನ ತಮ್ಮನ ಮನೆ ತುಂಬ ಜನ, ಮೀನಿನ ವ್ಯಾಪಾರ, ತಾನಿಲ್ಲದಿದ್ದರೆ ಸಮುದ್ರವೇ ಒಣಗೀತೆಂಬ ಭಾವ. ಒಂದು ಮಳೆಗಾಲ ಪೂರ್ತಿ ಅವಳು ನನ್ನ ಹತ್ತಿರ ಇರಲಿ ಎಂದು ಎಷ್ಟು ವರ್ಷದಿಂದ ಬೇಡಿಕೊಂಡಿದ್ದೆನೋ. ಅವಳ ಕಣ್ಣು ಮಂಜಾಗುತ್ತಿದೆ. ಮುಂದಿನ ಮಳೆಗಾಲ ಯಾರಿಗೆ ಗೊತ್ತು? ಈ ಸಲ ಕೈ ಕೂಡುವವರೆಗೆ ನಿಲ್ಲುತ್ತೇನೆಂದಳು. ಹಾಗಾಗಿ ಮುರಿದ ಕೈಗೂ ಒಂದು ನಮಸ್ಕಾರ ಹಾಕಿದೆ, ಎಡಗೈಯಲ್ಲಿ.

ಯಂತ್ರವನ್ನು ಮೊದಲು ಕಂಡಾಗ ಆಯಿ ಮಂಚದ ಮೇಲೆ ಕಾಲೆತ್ತಿ ಕೂತಳು. "ಎಂತದೆ ಇದು, ಆಮೆ?"

"ಕಸ ಗುಡಿಸೂ ಮಿಷನ್ನು ಆಯಿ."

"ಹಂಗಾರೆ ನೀ ಎಂತಕೆ ಇರೂದು?" ಎಂದು ನಕ್ಕಳು. ಅಂದಿನಿಂದ ಅದಕ್ಕೆ ಆಮೆಯೆಂದೇ ಹೆಸರು.

ಕೆಡಿಸಿದವರು ನಮ್ಮ ಯಜಮಾನರು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ಮೊಬೈಲು ಇಡೀ ಕೋಡಿಬಾಗಕ್ಕೆ ಕೇಳುತ್ತದೆ. ಒಂದು ಮಧ್ಯಾಹ್ನ ಅದರಲ್ಲಿ ಯಾರೋ ಗಂಭೀರವಾಗಿ ಹೇಳುತ್ತಿದ್ದರು: ಮುಂದೆ ಯಂತ್ರಗಳಿಗೂ ಜೀವದ ಆಸೆ ಹುಟ್ಟುತ್ತದೆ, ಆರಿಸಲು ಹೋದರೆ ಅವು ಬಿಡುವುದಿಲ್ಲ, ಮನುಷ್ಯ ಹೆದರಬೇಕೇ? ಆಯಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಅದೇ ಹೊತ್ತಿಗೆ ಆಮೆ ಮೆಟ್ಟಿಲ ತುದಿಗೆ ಬಂದು ಬೆಚ್ಚಿ ಹಿಂದೆ ಸರಿಯಿತು.

"ನೋಡದ್ಯೇನೆ? ಅದ್ಕೆ ಜೀವದ ಆಸೆ ಅದೆ. ಜೀವದ ಆಸೆ ಇದ್ದದ್ದು ಒಂದಿನ ಕಚ್ಚೂದೇ. ಏಡಿ ಕಚ್ಚೂದಿಲ್ವ?"

"ಅದು ಹೆದರೂದು ನಿಮ್ಮ ಮಗಳಿಗೆ, ಆಯಿ," ಎಂದರು ಯಜಮಾನರು. "ನಾನೂ ಹಂಗೇ ಹಿಂದೆ ಸರೀತೇನೆ."

ಆಯಿ ನಗಲಿಲ್ಲ. "ಒಂದಾ ಅದು ಇರ್ಲಿ, ಇಲ್ಲಾ ನಾ ಇರ್ತೆ. ನಾಳಿಗೆ ಬೆಳಿಗ್ಗೆ ಬಸ್ಸಿಗೆ ನಾ ಹೋದೆ."

ಆಮೆಯನ್ನು ಕಟ್ಟಿಡಬಹುದಿತ್ತು. ಆದರೆ ಕಟ್ಟಿಟ್ಟರೆ ಪೊರಕೆ ಹಿಡಿಯುವವಳು ಆಯಿಯೇ. ಮಂಜುಗಣ್ಣಿನ ಮುದುಕಿ ಒದ್ದೆ ಜಗಲಿ ಗುಡಿಸಲು ಹೋದರೆ ಮನೆಯಲ್ಲಿ ಮುರಿದ ಕೈಗಳ ಸಂಖ್ಯೆ ಹೆಚ್ಚುತ್ತದೆ. ಆಯಿ ಬೇಕು, ಆಮೆಯೂ ಬೇಕು. ದೇವರ ದೀಪಕ್ಕೆ ಎಡಗೈಯಲ್ಲೇ ಬತ್ತಿ ಹೊಸೆಯುತ್ತ ಅದನ್ನೇ ಯೋಚಿಸಿದೆ. ಜೀವದ ಆಸೆ ಅಷ್ಟು ಕೆಟ್ಟದ್ದೇ? ಪುರಾಣದ ಅಸುರರೆಲ್ಲ ತಪಸ್ಸು ಮಾಡಿ ಕೇಳಿದ್ದು ಸಾವು ಬರಬಾರದೆಂದು. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡುವಾಗ ನಾನು ಕೇಳುವುದೂ ಬಹುಪಾಲು ಅದೇ, ಅಸುರರಷ್ಟು ತಪಸ್ಸು ಇಲ್ಲದೆ. ಮುಟ್ಟಿದರೆ ಮುನಿಯ ಎಲೆ ಮಡಚುವುದೂ ಜೀವದಾಸೆಗೇ. ಅದಕ್ಕೆ ಹೆದರಿ ಯಾರೂ ಊರು ಬಿಟ್ಟದ್ದಿಲ್ಲ.

ಹಾಗೆ ಯೋಚಿಸುವಾಗ ಅಪ್ಪನ ದೋಣಿ ನೆನಪಾಯಿತು. ಮಳೆಗಾಲದಲ್ಲಿ ಅದನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ಜೋರು ಮಳೆ ಬಂದರೆ ಅಪ್ಪ ಉಣ್ಣುವ ಮೊದಲು ಹೋಗಿ ಹೊದಿಕೆ ಸೋರುತ್ತದೆಯೋ ಎಂದು ನೋಡಿಬರುತ್ತಿದ್ದ. ಮಳೆ ಕಳೆದ ಮೇಲೆ ಮೀನೆಣ್ಣೆ ಹಚ್ಚುವ ದಿನ ನಮಗೆ ಹಬ್ಬ. ಮಗುವಿಗೆ ಎಣ್ಣೆಸ್ನಾನ ಮಾಡಿಸುವಂತೆ ಹೊಟ್ಟೆ, ಬೆನ್ನು, ಸಂದುಗೊಂದು ಬಿಡದೆ ತಿಕ್ಕುತ್ತಿದ್ದೆವು. ಆ ವಾಸನೆ ತಲೆಗೂದಲಿಂದ ವಾರವಾದರೂ ಹೋಗುತ್ತಿರಲಿಲ್ಲ. ಈಗ ಎಲ್ಲಿಯಾದರೂ ಆ ವಾಸನೆ ಬಂದರೆ ನಿಂತುಬಿಡುತ್ತೇನೆ. ನೀರಿಗಿಳಿಸುವ ಮುಂಚೆ ಆಯಿ ದೋಣಿಯ ಮೂತಿಗೆ ಕುಂಕುಮ ಹಚ್ಚಿ ಕಿವಿಮಾತು ಹೇಳುವಂತೆ ಬಗ್ಗುತ್ತಿದ್ದಳು. ಏನು ಹೇಳುತ್ತಿದ್ದಳೆಂದು ನಾನು ಕೇಳಿದ್ದಿಲ್ಲ.

ಮರುದಿನ ಬೆಳಿಗ್ಗೆ ಆಯಿಯ ಚೀಲ ಬಾಗಿಲಲ್ಲಿತ್ತು. ಆಯಿ ಮಾತ್ರ ಗೋಡೆಯ ಬದಿ ಕುಕ್ಕರುಗಾಲಲ್ಲಿ ಕೂತು ಆಮೆಯ ಮೂತಿಗೆ ದಪ್ಪಗೆ ಗಂಧ, ಕುಂಕುಮ ಮೆತ್ತುತ್ತಿದ್ದಳು. ಮೇಲೊಂದು ದಾಸವಾಳ.

"ಇದೆಂತದು ಆಯಿ?"

"ಕುಂಕುಮ ಹಚ್ದೆ ಯಾರಾದ್ರೂ ದೋಣಿ ನೀರಿಗಿಳಸ್ತಾರನೆ? ನಿಂಗೆ ಇಷ್ಟೂ ಗೊತ್ತಿಲ್ಲೆ? ಜೀವ ಇದ್ದದ್ದ ದೇವರ ಕೈಗೆ ಕೊಟ್ಟೇ ಇಟ್ಕಳ್ಳೂದು. ನಾ ಹೋದ ಮೇಲೆ ಇದು ನಿಂಗೆ ಕಚ್ಬಾರ್ದು."

ಹೋಗುವವಳು ನನ್ನ ರಕ್ಷಣೆಗೆ ಏರ್ಪಾಡು ಮಾಡುತ್ತಿದ್ದಳು. ಗುಂಡಿ ಒತ್ತಿದೆ, ಆಮೆ ಹೊರಟಿತು. ಹೊರಟದ್ದೇ ಬಾಗಿಲಿಗೆ ಬಡಿಯಿತು. ತಿರುಗಿ ಮಂಚದ ಕಾಲಿಗೆ, ಅಲ್ಲಿಂದ ಆಯಿಯ ಚೀಲಕ್ಕೆ. ದಾಸವಾಳ ಬಿತ್ತು. ಅದರ ಕಣ್ಣು ಇದ್ದದ್ದೇ ಆ ಮೂತಿಯಲ್ಲಿ, ಕುಂಕುಮದ ಅಡಿಯಲ್ಲಿ! ಗೂಡು ಹುಡುಕುತ್ತ ಸುತ್ತಿ ಸುತ್ತಿ, ಕೊನೆಗೆ ಮಂಚದ ಕೆಳಗೆ ಸಿಕ್ಕಿಕೊಂಡು ಕುಂಯ್ ಕುಂಯ್ ಎನ್ನತೊಡಗಿತು.

"ಎಂತಕೆ ಕೂಗ್ತದೆ ಅದು?" ಆಯಿಯ ದನಿ ಬದಲಾಗಿತ್ತು.

"ನೀ ಕಣ್ಣಿಗೇ ಕುಂಕುಮ ಹಚ್ಚಿದ್ಯಲ. ಮನೆ ದಾರಿ ಕಾಣ್ತಿಲ್ಲ ಅದ್ಕೆ."

ಆಯಿ ಚಾಪೆಯ ಮೇಲೆ ಮಲಗಿ, ಕೈ ಚಾಚಿ ಅದನ್ನು ಎಳೆದಳು. ತೊಡೆಯ ಮೇಲಿಟ್ಟು ಸೆರಗು ಒದ್ದೆ ಮಾಡಿ ಮೆಲ್ಲಗೆ ಒರೆಸಿದಳು, ಮಗುವಿನ ಕಣ್ಣಿನ ಪಿಸರು ಒರೆಸುವಂತೆ. "ಅಯ್ಯೋ, ನನ್ನ ಹಾಂಗೇ ಆಯ್ತಲೆ ಇದ್ಕೆ," ಎಂದಳು. ಸೆರಗಿನ ತುದಿಯಿಂದ ಸಂದನ್ನೂ ಒರೆಸುತ್ತ ಹೇಳಿದಳು, "ಒಂದ್ಸಲ ಅಳಿವೆ ಬಾಯಲ್ಲಿ ಗಾಳಿ ಎದ್ದಾಗ ನಿನ್ನಪ್ಪ ಕೈ ಸೋತು ಹುಟ್ಟು ಬಿಟ್ಟಿದ್ನಂತೆ. ದೋಣಿ ತಾನೇ ತೆರೆಗೆ ಮೂತಿ ತಿರುಗ್ಸಿ ನಿಂತಿತಂತೆ. 'ನಾ ಬಂದದ್ದಲ್ಲ, ಅದೇ ತಂತು' ಅಂದ. ಅದ್ಕೂ ಜೀವದ ಆಸೆ ಇತ್ತೇ. ಆದ್ರೆ ಒಳಗೆ ಕೂತವ್ನ ಬಿಟ್ಟು ಅದೊಂದೇ ಮನಿಗೆ ಬರ್ಲಿಲ್ಲ."

"ದೋಣಿ ಕಿವಿಲಿ ನೀ ಅದನ್ನೇ ಹೇಳ್ತಿದ್ದ್ಯ ಆಯಿ?"

"ಮತ್ತೆಂತ ಹೇಳೂದು? ನೀನೂ ಬಾ, ಅವ್ನನ್ನೂ ತಾ."

ಮೊಬೈಲಿನ ಆ ಗಂಭೀರ ಮನುಷ್ಯನಿಗೆ ಇದನ್ನು ಕೇಳಿಸಬೇಕಿತ್ತು. ನಾಳೆ ದೊಡ್ಡ ದೊಡ್ಡ ಬುದ್ಧಿಯ ಯಂತ್ರಗಳು ಬಂದಾವು; ಅವು ಅಪ್ಪನ ದೋಣಿಯಂತೆ ಇರುತ್ತವೋ, ತಮ್ಮ ಹೊಟ್ಟೆಯೊಂದನ್ನೇ ನೋಡಿಕೊಳ್ಳುತ್ತವೋ ನನಗೆ ತಿಳಿಯದು. ಅವನ್ನು ಮಾಡುವವರು ಯಾರೋ, ಅವರ ಕಿವಿಯಲ್ಲೂ ಇಷ್ಟನ್ನು ಹೇಳುವ ಒಬ್ಬ ಆಯಿ ಇರಲಿ ಎಂದು ಈಚೆಗೆ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ.

ಆಯಿ ಆಮೆಯನ್ನು ಸೊಂಟದ ಮೇಲೆ ಹೊತ್ತು ಅದರ ಗೂಡಿಗೆ ಮುಟ್ಟಿಸಿದಳು. ಸಣ್ಣ ದೀಪ ಹೊತ್ತಿಕೊಂಡಿತು. ಹೊರಗೆ ಅಂಕೋಲೆಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ನಾನು ಚೀಲದ ಕಡೆ ನೋಡಲಿಲ್ಲ.

"ಹೊಟ್ಟೆ ತುಂಬೂಕೆ ಎಷ್ಟು ಹೊತ್ತು ಬೇಕೆ ಅದ್ಕೆ?"

"ಸುಮಾರು ಹೊತ್ತು ಬೇಕು ಆಯಿ," ಎಂದೆ. "ಈ ಮಳೆಗಾಲ ಪೂರ್ತಿ ಬೇಕಾದೀತು."