ಸಾಹೇಬರು ಕರೆದ ನಾಷ್ಟಾ

ಆ ವರ್ಷ ನಮ್ಮ ಪುರಸಭೆಯ ಖಜಾನೆ ಖಾಲಿಯಾಯಿತಂತೆ. ಮುಖ್ಯಾಧಿಕಾರಿ ಸಾಹೇಬರ ಜೀಪು, ಎಸಿ ಹಾಗೇ ಉಳಿದವು; ಊರ ಕಸ ಗುಡಿಸುವ ನಮಗೆ ಬೆಳಿಗ್ಗೆ ಕೊಡುತ್ತಿದ್ದ ನಾಷ್ಟಾ ಬಂದ್ ಆಯಿತು. ಸಂಘದವರು ಗಲಾಟೆ ಮಾಡಿದ್ದಕ್ಕೆ ಸಾಹೇಬರು ನಮ್ಮನ್ನೆಲ್ಲ ಮೀಟಿಂಗಿಗೆ ಕರೆದರು. ಉಳಿತಾಯದ ಭಾಷಣ ಶುರುವಾಗುವಷ್ಟರಲ್ಲಿ ಅಧಿಕಾರಿಗಳ ಮೇಜಿಗೆ ಮಂಡಾಳ ಸುಸಲಾ, ಬಿಸಿ ಮಿರ್ಚಿ ಭಜಿ ಬಂದವು. ನಾವು ಗೋಡೆಗೆ ಒರಗಿ ನೋಡುತ್ತ ನಿಂತಿದ್ದೆವು.

ಸಾಹೇಬರೂ ನಮ್ಮ ಹುಣಸಗಿ ಕಡೆಯವರೇ. ನಮ್ಮ ಭಾಗದಲ್ಲಿ ಎದುರಿಗಿದ್ದವರನ್ನು ಕರೆಯದೆ ಯಾರೂ ತುತ್ತು ಎತ್ತುವುದಿಲ್ಲ. ಮಿರ್ಚಿ ಕಚ್ಚುವ ಮುಂಚೆ ಅವರ ಬಾಯಿಂದ ತಾನಾಗಿ ಬಂತು: "ಬರ್ರಿ, ನಾಷ್ಟಾ ಮಾಡೂಣು."

"ನೀವು ಮಾಡ್ರಿ, ನಮ್ದು ಆಗ್ಯಾದ" ಎನ್ನುವುದು ಅದಕ್ಕೆ ರೂಢಿಯ ಉತ್ತರ. ನಮ್ಮದು ಎಲ್ಲಿ ಆಗಿತ್ತು? ಬಂದ್ ಮಾಡಿದ್ದೇ ಆ ಪುಣ್ಯಾತ್ಮರು! ನಾನು ಕುರ್ಚಿ ಎಳೆದು ಕೂತೆ. ಹಿಂದೆಯೇ ಎಲ್ಲರೂ ಕೂತರು. ಕರೆದ ಬಾಯಿಂದ ಬೇಡ ಎನ್ನಲು ಸಾಹೇಬರಿಗೆ ಆಗಲಿಲ್ಲ. ಇಂಜಿನಿಯರು ತಮ್ಮ ಪ್ಲೇಟನ್ನು ತೊಡೆಯ ಮೇಲೆ ಬಚ್ಚಿಟ್ಟುಕೊಂಡರು. ಉಳಿದದ್ದು ಚಹಾ ಬರುವುದರೊಳಗೆ ಖಾಲಿ.

ನಮ್ಮಲ್ಲೇ ಹಿರಿಯಳಾದ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಭಾಳ ಚಲೋ ಆತ್ರಿ, ಸಾಹೇಬ್ರ. ನಾಳಿ ಎಷ್ಟೊತ್ತಿಗಿ ಅದರಿ ಮೀಟಿಂಗು?"