ಹಡಗಿನ ತಳದಲ್ಲಿ ಸಿಕ್ಕಿಕೊಂಡ ಪಂಪುಗಳು

೨೦೦೩ರ ಫೆಬ್ರವರಿ. ಇರಾಕ್ ಯುದ್ಧ ಶುರುವಾಗುವ ಮುನ್ನ ಕುವೈತ್‌ನ ಮರಳುಗಾಡಿನಲ್ಲಿ ಸೇನಾ ಶಿಬಿರಗಳು ಏಳುತ್ತಿದ್ದವು. ನಾನು ಅಲ್ಲಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಸಾರಿಗೆ ಕಂಪನಿಯೊಂದರಲ್ಲಿ ಆಪರೇಷನ್ಸ್ ಕೋಆರ್ಡಿನೇಟರ್. ಯಾವ ಟ್ರೇಲರ್ ಏನು ಹೊತ್ತು ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವುದು ನನ್ನ ಕೆಲಸ.

ಹೊಸ ಶಿಬಿರವೊಂದರಲ್ಲಿ ನೀರು ಶುದ್ಧೀಕರಣ ಘಟಕ ಕೂರಿಸಬೇಕಿತ್ತು. ಪಂಪುಗಳು ಹಡಗಿನಲ್ಲಿ, ಫಿಲ್ಟರ್‌ಗಳು ವಿಮಾನದಲ್ಲಿ, ಪೈಪುಗಳು ನಮ್ಮ ಲಾರಿಗಳಲ್ಲಿ. ಮೂರಕ್ಕೂ ಬೇರೆ ಬೇರೆ ಕಚೇರಿ. ಒಬ್ಬರ ಪಟ್ಟಿ ಇನ್ನೊಬ್ಬರು ನೋಡಿರಲಿಲ್ಲ. ಪಂಪುಗಳ ಹಡಗು ಬಂದ ದಿನ, ಶಿಬಿರದಲ್ಲಿ ನೀರಿದ್ದದ್ದು ಮರುದಿನ ಸಂಜೆಯವರೆಗೆ ಮಾತ್ರ. ಸೈನಿಕರ ಜೊತೆ, ಅಡುಗೆ ಕೆಲಸಕ್ಕೆ ಹೋಗಿದ್ದ ಅಬ್ಬಾಸಿಯಾ ಬಡಾವಣೆಯ ನಮ್ಮ ಕರಾವಳಿಯವರೂ ಅಲ್ಲಿದ್ದರು.

ಆ ದಿನ ಬೆಳಿಗ್ಗೆ ಬಂದರಿನಿಂದ ನಮ್ಮ ಫೋರ್‌ಮನ್, ಉಳ್ಳಾಲದ ಹಮೀದ್ ಭಾಯಿಯ ಫೋನ್ ಬಂತು.

"ಸ್ಟೆಲ್ಲಾ ಬಾಯಿ, ಪಂಪೆಲ್ಲ ತಳದಲ್ಲಿ ಉಂಟು. ಮೇಲೆ ಪೂರಾ ಟೆಂಟಿನ ಪೆಟ್ಟಿಗೆ. ಅದನ್ನು ಇಳಿಸಿ ಇಡ್ಲಿಕ್ಕೆ ಜಾಗ ಇಲ್ಲ, ಎರಡು ದಿನ ಕಾಯಿರಿ ಅಂತಾರೆ ಬಂದರಿನವರು."

ನಾನು ಬಂದರಿಗೆ ಓಡಿದೆ. ಸರಕಿನ ಉಸ್ತುವಾರಿಯಲ್ಲಿದ್ದ ಹಿರಿಯ ಸೇನಾಧಿಕಾರಿ ಹಡಗನ್ನೇ ದಿಟ್ಟಿಸುತ್ತಾ ನಿಂತಿದ್ದರು. ಇದು ಹಳೆಯ ತಪ್ಪು ಎಂದರು. ಮೊದಲ ಮಹಾಯುದ್ಧದಲ್ಲಿ, ೧೯೧೫ರಲ್ಲಿ, ಗಲಿಪೊಲಿಯ ದಂಡಯಾತ್ರೆಗೆ ಹೊರಟ ಹಡಗುಗಳಲ್ಲೂ ಮೊದಲು ಬೇಕಾದದ್ದು ಕೈಗೆ ಸಿಗುವಂತಿರಲಿಲ್ಲವಂತೆ. ಈಜಿಪ್ಟಿಗೆ ಒಯ್ದು ಎಲ್ಲವನ್ನೂ ಮತ್ತೆ ತುಂಬಬೇಕಾಯಿತಂತೆ.

"ಅವರು ವಾರಗಳನ್ನು ಕಳೆದುಕೊಂಡರು. ನಮಗಿರುವುದು ನಾಳೆ ಸಂಜೆಯವರೆಗೆ ಮಾತ್ರ."

ಆಗ ಗೇಟಿನಾಚೆ ಪಂಪುಗಳಿಗಾಗಿ ಖಾಲಿ ನಿಂತಿದ್ದ ನಮ್ಮ ಟ್ರೇಲರ್‌ಗಳು ಕಣ್ಣಿಗೆ ಬಿದ್ದವು. ಟೆಂಟುಗಳೂ ಅದೇ ಶಿಬಿರಕ್ಕೆ ಹೋಗಬೇಕಾದವು. ಅವನ್ನು ನೆಲಕ್ಕೇಕೆ ಇಳಿಸಬೇಕು? ನೇರ ಟ್ರೇಲರಿಗೇ ಇಳಿಸೋಣ ಎಂದೆ.

"ಹಾಗಾದರೆ ಪಂಪು ಒಯ್ಯುವುದು ಯಾವುದರಲ್ಲಿ?" ಎಂದು ಅಧಿಕಾರಿ ಕೇಳಿದರು.

ಶಿಬಿರದಲ್ಲಿ ಪೈಪು ಇಳಿಸಿ ಬರುವ ಲಾರಿಗಳನ್ನು ಇಲ್ಲಿಗೇ ಕರೆಸುತ್ತೇನೆ ಎಂದೆ. ಅವು ತಡವಾದರೆ ಎಲ್ಲವೂ ಕೆಡುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಆದರೂ ಟೆಂಟು ಇಳಿಸುವ ಆದೇಶಕ್ಕೆ ಸಹಿ ಹಾಕಿದರು. ಫಿಲ್ಟರ್‌ಗಳು ನಮ್ಮ ಗೋದಾಮಿಗೆ ಬರುವುದು ಬೇಡ, ನೇರ ಶಿಬಿರಕ್ಕೆ ಹೋಗಲಿ ಎಂದು ವಿಮಾನ ನಿಲ್ದಾಣಕ್ಕೆ ತಿಳಿಸಿದೆ. ಹಮೀದ್ ಭಾಯಿ ಅರಬ್ಬಿಯಲ್ಲಿ "ಯಲ್ಲಾ", ನಡೀರಿ, ಎಂದು ಕೈಯೆತ್ತಿದ್ದೇ ತಡ, ಕ್ರೇನ್ ತಿರುಗತೊಡಗಿತು.

ಸಂಜೆ ನಾಲ್ಕಕ್ಕೆ ಮೊದಲ ಪಂಪು ಕೊಕ್ಕೆಗೆ ತೂಗಿ ಮೇಲೆ ಬಂತು. ಅದೇ ಹೊತ್ತಿಗೆ ಪೈಪು ಇಳಿಸಿ ಬಂದ, ಮರಳು ಮೆತ್ತಿಕೊಂಡ ಲಾರಿಗಳು ಗೇಟು ದಾಟಿದವು. ಮರುದಿನ ಮಧ್ಯಾಹ್ನ ಶಿಬಿರದ ಅಡುಗೆಮನೆಯಿಂದ ನಮ್ಮವರೊಬ್ಬರು ಫೋನ್ ಮಾಡಿ, ನೀರು ಬಂತು ಎಂದರು. ನಾನು ಕುರ್ಚಿಯಿಂದ ಎದ್ದೇ ನಿಂತೆ.

ಆಮೇಲೆ ಹದಿನೈದು ವರ್ಷ ಅದೇ ಕೆಲಸ ಮಾಡಿದೆ. ಸರಕು ಎಲ್ಲಿಂದ ಹೊರಡುತ್ತದೆ ಎಂದು ಮೊದಲು ಕೇಳುವುದನ್ನು ಬಿಟ್ಟೆ. ತಲುಪಿದ ಕಡೆ ಮೊದಲು ಯಾವ ಪೆಟ್ಟಿಗೆ ಬಿಚ್ಚುತ್ತಾರೆ ಎಂದು ಕೇಳಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದೆ.